650 ರೂಪಾಯಿ ಮೌಸ್ ದಂಡ ಆದ್ಮೇಲೆ: ಸ್ಕ್ರೋಲ್‌ಗೆ ಇಮ್ಯಾಕ್ಸಾ, ವಿಎಸ್ ಕೋಡಾ, ವಿಮ್ಮಾ?

ಈ ಮೂರೂ ಕಂಪ್ಯೂಟರಲ್ಲಿ ಅಕ್ಷರದ ಫೈಲು ಬರೆಯೋಕೆ, ತಿದ್ದೋಕೆ ಇರೋ ಸಾಫ್ಟ್‌ವೇರುಗಳು, ಸ್ಕ್ರೋಲ್ ಅಂದ್ರೆ ಪುಟ ಮೇಲೆ ಕೆಳಗೆ ಸರಿಸೋದು. ಮೊದ್ಲೇ ಹೇಳ್ಬಿಡ್ತೀನಿ, ನಾನು ಇಮ್ಯಾಕ್ಸ್ ಪಾರ್ಟಿ. ಹೋದ ಮಳೆಗಾಲದಿಂದ ಅಷ್ಟೇ. ಅದಕ್ಕೆ ಮುಂಚೆ ತುಮಕೂರಿನ ಎಂ.ಜಿ. ರೋಡಲ್ಲಿ 650 ರೂಪಾಯಿ ಕೊಟ್ಟು ಮೌಸ್ ತಂದಿದ್ದೆ, ಸ್ಕ್ರೀನು ಹೇಳ್ದೆ ಕೇಳ್ದೆ ಎಲ್ಲೆಲ್ಲೋ ಹಾರ್ತಿತ್ತು, ಹಳೇ ಮೌಸಿನ ಚಕ್ರ ಸವೆದಿದೆ ಅಂದ್ಕೊಂಡೆ. ಹೊಸದು ಹಾಕಿದ್ರೂ ಅದೇ ಕಥೆ.

ನಾನು ಮಾಡೋದು ಕನ್ನಡ ಪುಸ್ತಕಗಳ ಕರಡು ತಿದ್ದೋ ಕೆಲಸ. ಫೈಲು ಮುನ್ನೂರು ಪುಟ ಇರುತ್ತೆ, ಒಂದೊಂದು ಪ್ಯಾರಾನೂ ನಡುವೆ ಎಂಟರ್ ಕೀ ಕಾಣದೆ ಉದ್ದಕ್ಕೆ ಹರಿದಿರುತ್ತೆ. ಅರ್ಧ ಕೆಲಸ ಮನೇಲಿ, ಇನ್ನರ್ಧ ಬೆಳಗಿನ ಬೆಂಗಳೂರು ರೈಲಲ್ಲಿ.

ಆಗ ಬಳಸ್ತಿದ್ದಿದ್ದು ವಿಎಸ್ ಕೋಡ್. ಅದ್ರಲ್ಲಿ ಚಕ್ರ ತಿರುಗಿಸಿದ್ರೆ ಪುಟ ಮಾತ್ರ ಓಡುತ್ತೆ, ಕರ್ಸರ್ ಬಿಟ್ಟ ಜಾಗದಲ್ಲೇ ಉಳಿಯುತ್ತೆ. ಕೋಡ್ ಬರೆಯೋರಿಗೆ ಇದು ವರ, ಕೆಳಗೆ ಹೋಗಿ ಏನೋ ನೋಡ್ಕೊಂಡು ಒಂದು ಬಾಣದ ಕೀ ಒತ್ತಿದ್ರೆ ವಾಪಸ್ ಮನೆ. ನನಗೆ ಮಾತ್ರ ಕುತ್ತು. ಒಂದಿನ ಕ್ಯಾತ್ಸಂದ್ರ ದಾಟಿ ಹಿರೇಹಳ್ಳಿ ಹತ್ರ ಓದ್ತಾ ಓದ್ತಾ ಹತ್ತು ಪುಟ ಕೆಳಗೆ ಹೋಗಿದ್ದೆ, ‘ಅದ್ಯಯನ’ ಅಂತ ಕಾಣಿಸ್ತು, ಕಣ್ಣು ಅಲ್ಲೇ ಇದೆ ಅಂದ್ಮೇಲೆ ಕರ್ಸರೂ ಅಲ್ಲೇ ಇದೆ ಅನ್ನೋ ನಂಬಿಕೇಲಿ ಬ್ಯಾಕ್‌ಸ್ಪೇಸ್ ಒತ್ತಿದೆ, ಸ್ಕ್ರೀನು ಟಕ್ ಅಂತ ಹತ್ತು ಪುಟ ಹಿಂದಕ್ಕೆ ಹಾರ್ತು, ಅಲ್ಲಿ ಪಾಪ ಒಬ್ಬ ತಿಮ್ಮಪ್ಪ ‘ತಿಮ್ಮಪ್’ ಆಗಿ ಕೂತಿದ್ದ. ಕಂಡಿದ್ದಕ್ಕೆ ಸರಿ ಮಾಡಿದೆ. ಕಾಣದೆ ಹೋದ ತಿಮ್ಮಪ್ಪಗಳು ಎಷ್ಟೋ! ಸಾಫ್ಟ್‌ವೇರ್ ತಪ್ಪು ಅಂತಲ್ಲ, ಅದನ್ನ ಮಾಡಿರೋದೇ ಹಾಗೆ, ಓದಿದ ಕಡೆ ಕ್ಲಿಕ್ ಮಾಡೋ ಅಭ್ಯಾಸ ನನಗಿಲ್ಲ. ಇಷ್ಟಕ್ಕೇ ನಾನು ಮೌಸ್ ಅಂಗಡಿಗೆ ಹೋಗಿದ್ದು ನೋಡಿ.

ಇಮ್ಯಾಕ್ಸಲ್ಲಿ ಈ ಆಟ ನಡೆಯಲ್ಲ. ಅಲ್ಲಿ ಕರ್ಸರ್ ಕಿಟಕಿಯಿಂದ ಆಚೆ ಹೋಗೋ ಹಾಗೇ ಇಲ್ಲ, ಪುಟ ಓಡಿದ್ರೆ ಕರ್ಸರನ್ನೂ ಕುತ್ತಿಗೆಪಟ್ಟಿ ಹಿಡಿದು ಎಳ್ಕೊಂಡು ಹೋಗುತ್ತೆ. ಕಂಟ್ರೋಲ್ ವಿ ಒತ್ತಿದ್ರೆ ಮುಂದಿನ ಪುಟ, ಹಿಂದಿನ ಪುಟದ ಕೊನೇ ಎರಡು ಸಾಲು ಮೇಲ್ಗಡೆ ಉಳಿದಿರುತ್ತೆ, ಓದಿನ ಎಳೆ ತಪ್ಪಲ್ಲ. ಆಲ್ಟ್ ವಿ ಒತ್ತಿದ್ರೆ ಹಿಂದಕ್ಕೆ. ತಮಾಷೆ ಅಂದ್ರೆ ಕೆಳಗೆ ಹೋಗೋ ಈ ಕಮಾಂಡಿಗೆ ಅವ್ರು ಇಟ್ಟಿರೋ ಹೆಸ್ರು ಸ್ಕ್ರೋಲ್ ಅಪ್. ಅಕ್ಷರ ಮೇಲಕ್ಕೆ ಹೋಗುತ್ತಲ್ಲ ಅದಕ್ಕೆ, ರೈಲು ಮುಂದಕ್ಕೆ ಹೋದ್ರೆ ಕಿಟಕೀಲಿ ಮರ ಹಿಂದಕ್ಕೆ ಹೋದಂಗೆ.

ಆದ್ರೆ ಇದೂ ಮೊದಲ ವಾರ ತಲೆ ತಿಂದಿದೆ. ಬಾಣದ ಕೀಲಿ ಸಾಲು ಸಾಲಾಗಿ ಇಳೀತಾ ಬಂದು ಕೊನೇ ಸಾಲು ದಾಟಿದ್ ತಕ್ಷಣ ಧಡ್ ಅಂತ ಅರ್ಧ ಪುಟ ನೆಗೆದು, ಈಗಷ್ಟೇ ಕೆಳಗಿದ್ದ ಸಾಲು ಮಧ್ಯಕ್ಕೆ ಬಂದು ಕೂರೋದು. ಪ್ರೆಸ್‌ನಲ್ಲಿ ಹಿರಿಯರು ಕರಡಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಸಾಲು ಸಾಲಾಗಿ ಸರಿಸ್ತಾರಲ್ಲ, ಆ ಸ್ಕೇಲನ್ನ ಯಾರೋ ತಟ್ಟಿಬಿಟ್ಟಂಗೆ. ಎರಡು ದಿನ ಬಿಟ್ಟೇಬಿಡೋಣ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಸ್ಕ್ರೋಲ್-ಕನ್ಸರ್ವೇಟಿವ್ಲಿ ಅಂತ ಒಂದು ಸೆಟ್ಟಿಂಗ್ ಇದೆ, ಅದು ಸೊನ್ನೆ ಇದ್ರೆ ಹೀಗೆ ನೆಗೆಯುತ್ತೆ, 101 ಮಾಡಿದ್ರೆ ನೆಗೆತ ಬಂದ್, ಬೇಕಾದಷ್ಟೇ ಸಾಲು ಸರಿಯುತ್ತೆ. ಜೊತೆಗೆ ಸ್ಕ್ರೋಲ್-ಮಾರ್ಜಿನ್ 3 ಇಟ್ಟೆ, ಕರ್ಸರಿನ ಕೆಳಗೆ ಯಾವಾಗ್ಲೂ ಮೂರು ಸಾಲು ಕಾಣುತ್ತೆ. ಇಷ್ಟಕ್ಕೇ ನಾನು ಮೌಸ್ ಅಂಗಡಿಗೆ ಹೋಗಿದ್ದು ನೋಡಿ.

ನನ್ನ ಮನಸ್ಸು ಗೆದ್ದಿದ್ದು ಇನ್ನೊಂದು ವಿಷಯ. ಸ್ಕ್ರೀನನ್ನ ಎಡ ಬಲ ಎರಡು ಭಾಗ ಮಾಡಿ (ಇಮ್ಯಾಕ್ಸ್‌ನೋರು ಈ ಭಾಗಕ್ಕೇ ವಿಂಡೋ ಅಂತಾರೆ, ನಾವು ವಿಂಡೋ ಅನ್ನೋದಕ್ಕೆ ಫ್ರೇಮ್ ಅಂತಾರೆ, ಮೊದಲು ಗೊಂದಲ ಆಗುತ್ತೆ) ಎಡಗಡೆ ತಿದ್ದೋ ಫೈಲು, ಬಲಗಡೆ ಲೇಖಕರ ಮೂಲ ಇಟ್ಕೊಂಡ್ರೆ, ಎಡಗಡೆ ಟೈಪ್ ಮಾಡ್ತಾನೇ ಕಂಟ್ರೋಲ್ ಆಲ್ಟ್ ವಿ ಒತ್ತಿ ಬಲಗಡೇದನ್ನ ಓಡಿಸ್ಬಹುದು, ಕೈ ಕೀಬೋರ್ಡ್ ಬಿಡೋದೇ ಬೇಡ. ಫಾಲೋ ಮೋಡ್ ಹಾಕಿದ್ರಂತೂ ಒಂದೇ ಫೈಲು ಬಿಚ್ಚಿಟ್ಟ ಪುಸ್ತಕದ ಥರ, ಎಡಗಡೆ ಮುಗಿದ ಸಾಲಿನ ಮುಂದಿನದು ಬಲಗಡೆ ಮೇಲಿಂದ ಶುರು.

ವಿಮ್ ಹತ್ತು ದಿನ ನೋಡ್ದೆ. ಸ್ಕ್ರೋಲ್‌ಆಫ್ ಅನ್ನೋ ಸೆಟ್ಟಿಂಗಿಗೆ 999 ಅಂತ ಕೊಟ್ರೆ ಕರ್ಸರ್ ನಡುವೇನೇ ನಿಂತು ಪುಟ ಅದರ ಸುತ್ತ ಸರಿಯುತ್ತೆ, ಟೈಪ್‌ರೈಟರ್ ಥರ, ಅದು ಮಾತ್ರ ಇವತ್ತಿಗೂ ಆಸೆ. ಆದ್ರೆ ನನ್ನ ಉದ್ದುದ್ದ ಪ್ಯಾರಾ ಅದಕ್ಕೆ ಒಂದೇ ಸಾಲು, ಒಂದು ಸಾಲು ಸರಿಸೋ ಕಂಟ್ರೋಲ್ ಇ ಒತ್ತಿದ್ರೆ ಸ್ಕ್ರೀನಲ್ಲಿ ಹನ್ನೆರಡು ಸಾಲು ಕಾಣೋ ಪ್ಯಾರಾ ಇಡಿಯಾಗಿ ಮಾಯ. ಹೊಸ ಆವೃತ್ತೀಲಿ ಇದಕ್ಕೆ ಪರಿಹಾರವಾಗಿ, ಸ್ಕ್ರೀನಲ್ಲಿ ಕಾಣೋ ಸಾಲಿನ ಲೆಕ್ಕದಲ್ಲಿ ಸರಿಸೋ ಸ್ಮೂತ್‌ಸ್ಕ್ರೋಲ್ ಬಂದಿದೆ, ನನ್ನ ಹಳೇ ಲ್ಯಾಪ್‌ಟಾಪಲ್ಲಿ ಇದ್ದಿದ್ದು ಹಳೇದು. ವಿಮ್ ಓಡಿಸ್ತಿದ್ದ ನನ್ನ ಟರ್ಮಿನಲ್ಲಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ಒತ್ತಕ್ಷರ ಬೇರೆ ಪಕ್ಕಕ್ಕೆ ಎದ್ದು ಕೂರ್ತಿತ್ತು. ಬಿಟ್ಟೆ.

ಬೆರಳಿಂದ ನುಣ್ಣಗೆ ಜಾರಿಸೋದ್ರಲ್ಲಿ ವಿಎಸ್ ಕೋಡೇ ಮುಂದು. 2023ರಲ್ಲಿ ಬಂದ ಇಮ್ಯಾಕ್ಸ್ 29ರಲ್ಲಿ ಸಾಲಿನ ಬದಲು ಪಿಕ್ಸೆಲ್ (ಸ್ಕ್ರೀನಿನ ಚುಕ್ಕಿ) ಲೆಕ್ಕದ ಸ್ಕ್ರೋಲ್ ಇದೆ, ಆನ್ ಮಾಡ್ಕೋಬೇಕು, ಪರವಾಗಿಲ್ಲ. ಆದ್ರೆ ರೈಲು ದಾಬಸ್‌ಪೇಟೆ ಹತ್ರ ಅಲ್ಲಾಡೋವಾಗ ಟಚ್‌ಪ್ಯಾಡ್ ಮೇಲೆ ಬೆರಳೇ ನಿಲ್ಲಲ್ಲ, ನನಗೆ ಕೀ ಇದ್ರೆ ಸಾಕು.

ಮೂರೂ ಪುಕ್ಕಟೆ, ದುಡ್ಡಿನ ಲೆಕ್ಕ ಅಂದ್ರೆ ಆ 650 ಒಂದೇ. ಕೋಡ್ ಬರೆಯೋರು, ಮೌಸ್ ಬಿಡದೋರು ವಿಎಸ್ ಕೋಡಲ್ಲೇ ಇರಿ. ನನ್ನ ಹಾಗೆ ದಿನಾ ಐವತ್ತು ಪುಟ ಓದಿ ಓದಿದ ಕಡೆಯೇ ತಿದ್ದೋರಾದ್ರೆ ಇಮ್ಯಾಕ್ಸ್ ಹಾಕ್ಕೊಂಡು ಮೊದಲ ದಿನವೇ ಆ 101 ಬರೆದುಬಿಡಿ. ಮೌಸು ಅಕ್ಕನ ಮಗ ಗೇಮ್ ಆಡೋಕೆ ಇಟ್ಕೊಂಡಿದ್ದಾನೆ, ಚಕ್ರ ಸೂಪರ್ ಆಗಿದೆ ಅಂತಾನೆ.