ಎಚ್‌ಎಂಟಿ ಜನತಾ ವಾಚ್: ಈಗಲೂ ಕೊಳ್ಳಬಹುದಾ?

ಕೊಳ್ಳಬಹುದು, ಖಂಡಿತ. ಚಿಕ್ಕಮಗಳೂರಿನ ಎಂ.ಜಿ. ರಸ್ತೆ ಹತ್ತಿರ ಒಂದು ಸಣ್ಣ ವಾಚ್ ರಿಪೇರಿ ಅಂಗಡಿಯಲ್ಲಿ ನನಗೆ ಹಳೆಯದೊಂದು ಸಿಕ್ಕಿತು. ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಹೊಸ ಗ್ಲಾಸ್ ಕೂರಿಸಿ ಎರಡು ಸಾವಿರಕ್ಕೆ ಕೊಟ್ಟರು. ಆಗಿನಿಂದ ಸೆಲ್ ವಾಚ್ ಕಟ್ಟಿಲ್ಲ.

ಇದು ಕೀ ಕೊಡುವ ವಾಚ್, 17 ಜ್ಯುವೆಲ್, ಅಂದರೆ ಒಳಗಿನ ಚಕ್ರಗಳು ಸವೆಯದಂತೆ ಕೂರಿಸಿದ ಪುಟ್ಟ ಹರಳುಗಳು ಹದಿನೇಳು. ದಿನಾ ಬೆಳಿಗ್ಗೆ ಕೀ ಕೊಟ್ಟರೆ ಒಂದೆರಡು ನಿಮಿಷಕ್ಕಿಂತ ಜಾಸ್ತಿ ತಪ್ಪುವುದಿಲ್ಲ. ಬಿಳಿ ಡಯಲ್, ದೊಡ್ಡ ಅಂಕಿ, ಸುಮ್ನೆ ಆಡಂಬರ ಇಲ್ಲ.

ನನಗೆ ಇದರ ಮೇಲೆ ಇಷ್ಟು ಪ್ರೀತಿ ಬರಲು ಕಾರಣ ಬೇರೆ. ಸ್ವಾತಂತ್ರ್ಯ ಬಂದು ಆರೇ ವರ್ಷಕ್ಕೆ, 1953ರಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್, ಅಂದರೆ ಎಚ್‌ಎಂಟಿ, ಶುರುವಾಯಿತು. ಮೊದಲು ಮಾಡಿದ್ದು ವಾಚ್ ಅಲ್ಲ, ಲೋಹ ಕಡೆಯುವ ಲೇತ್ ಯಂತ್ರ, ಅದೂ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯಿಂದ ಕಲಿತು. ಯಂತ್ರ ಮಾಡುವ ಯಂತ್ರವೇ ನಮ್ಮಲ್ಲಿ ಇಲ್ಲದಿದ್ದರೆ ಪ್ರತಿ ಕಾರ್ಖಾನೆಗೂ ಹೊರದೇಶದವರ ಮುಂದೆ ಕೈಚಾಚಬೇಕು, ಅಲ್ವಾ? 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚ್ ಮಾಡಲು ಹೊರಟರು. ಮೊದಲು ಬಿಡಿಭಾಗ ತರಿಸಿ ಜೋಡಿಸಿದರು, ಆಮೇಲೆ ಒಂದೊಂದನ್ನೇ ಇಲ್ಲೇ ಮಾಡಲು ಕಲಿತರು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಕೂದಲಿನಷ್ಟು ಸಣ್ಣ ಸ್ಪ್ರಿಂಗ್, ಕಣ್ಣಿಗೆ ಕಾಣದಂಥ ಸ್ಕ್ರೂ, ಇವನ್ನು ಹೊಸದಾಗಿ ಕೆಲಸ ಕಲಿತ ಕೈಗಳು ಮಾಡಿದವು ಅನ್ನುವುದು ನನಗೆ ಈಗಲೂ ದೊಡ್ಡ ಸಂಗತಿ.

ಲಕ್ಷಗಟ್ಟಲೆ ಮಾರಾಟವಾಗಿದ್ದರಿಂದಲೇ ಇವತ್ತಿಗೂ ರಿಪೇರಿ ಕಷ್ಟವಿಲ್ಲ. ಕೆಟ್ಟ ಒಂದು ವಾಚಿನ ಭಾಗ ತೆಗೆದು ಇನ್ನೊಂದಕ್ಕೆ ಹಾಕುತ್ತಾರೆ. ಕಾರ್ಖಾನೆಗೆ ಮಾತ್ರ ಆ ಅದೃಷ್ಟ ಇರಲಿಲ್ಲ. ಸೆಲ್ ವಾಚಿನ ಕಾಲ ಬಂದಾಗ ಬೇಗ ಹೊರಳಲಿಲ್ಲ, ಟೈಟಾನ್ ಮುಂದೆ ಹೋಯಿತು, 2016ರಲ್ಲಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ತುಂಬಾ ಬೇಜಾರಿನ ವಿಷಯ.

ಕೊರತೆ? ನೀರು ತಡೆಯುವುದಿಲ್ಲ. ನಮ್ಮ ಮಲೆನಾಡಿನ ಮಳೆಗೆ ಗ್ಲಾಸಿನೊಳಗೆ ಹಬೆ ಕಟ್ಟುತ್ತದೆ, ಆಷಾಢದಲ್ಲಿ ಹೊರಗೆ ಓಡಾಡುವವರು ಇದನ್ನು ಕಟ್ಟಬೇಡಿ. ಆನ್‌ಲೈನ್‌ನಲ್ಲಿ ಕಡುಕೆಂಪು, ಕಡುನೀಲಿ ಡಯಲ್ ಇರುವುದನ್ನು ಅಗ್ಗಕ್ಕೆ ಮಾರುತ್ತಾರೆ, ಹೆಚ್ಚಿನವು ಆಮೇಲೆ ಬಣ್ಣ ಬಳಿದವು. ಅಂಗಡಿಯಲ್ಲೇ ಹಿಂದಿನ ಮುಚ್ಚಳ ಬಿಚ್ಚಿಸಿ ನೋಡಿ, ಒಳಗೆ ಮಷೀನ್ ಮೇಲೆ ಎಚ್‌ಎಂಟಿ ಅಂತ ಅಚ್ಚು ಇರಬೇಕು, ತುಕ್ಕು ಇರಬಾರದು. ಕೀ ಕೊಟ್ಟು ಒಂದು ದಿನ ಅಲ್ಲೇ ಓಡಿಸಲು ಹೇಳಿ, ಆಮೇಲೆ ದುಡ್ಡು ಕೊಡಿ.