ಹುಬ್ಬಳ್ಳಿಯ ಪೋಕರ್ ತರಬೇತಿ: ಮೊದಲ ಎರಡು ಎಲೆಗಳ ಪಾಠ

ವಿದ್ಯಾನಗರದಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಈ ತರಬೇತಿಯಲ್ಲಿ ಹಣ ಕಟ್ಟಿ ಆಡುವುದಿಲ್ಲ. ಒಂಬತ್ತು ಜನ ತಲಾ 1500 ಚಿಪ್ಪು (ಆಟದ ಬಿಲ್ಲೆ) ಹಿಡಿದು, 10-20ರ ಬ್ಲೈಂಡಿನಿಂದ (ಎಲೆ ನೋಡುವ ಮುನ್ನವೇ ಇಬ್ಬರು ಕಡ್ಡಾಯವಾಗಿ ಕಟ್ಟುವ, ಆಟ ಸಾಗಿದಂತೆ ಏರುವ ಚಿಪ್ಪು) ಆರಂಭಿಸಿ, ಕೊನೆಗೆ ಉಳಿದ ಮೂವರು 50, 30, 20 ಅಂಕ ಪಡೆಯುವ ಸಣ್ಣ ಟೂರ್ನಮೆಂಟಿನ ಸುತ್ತಲೇ ಇಡೀ ಪಾಠ ಸಾಗುತ್ತದೆ. ಅದರಲ್ಲೂ ಆರಂಭದ ಸುತ್ತುಗಳಲ್ಲಿ ಯಾವ ಕೈ (ಮೊದಲು ಸಿಗುವ ಎರಡು ಎಲೆ) ಆಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕಲಿಸುವ ರೀತಿ ನಿಜಕ್ಕೂ ಉತ್ತಮವಾಗಿದೆ.

ನಮ್ಮ ಕಡೆ ಪೋಕರ್ ಕಲಿಯಲು ಬರುವ ಬಹಳ ಜನ ರಮ್ಮಿಯಲ್ಲಿ ಪಳಗಿದವರು. ಒಂದೇ ಜಾತಿಯ ಎಂಟು-ಏಳು ಬಂದರೆ ಅವರಿಗೆ ಸೀಕ್ವೆನ್ಸ್ ಅರ್ಧ ಕೂಡಿದಂತೆಯೇ ಕಾಣುತ್ತದೆ. ರಮ್ಮಿಯಲ್ಲಿ ಎಲೆ ಎಳೆಯುತ್ತ ಕಾಯಬಹುದು. ಇಲ್ಲಿ ಮೇಜಿನ ಮೇಲೆ ಬೀಳುವುದು ಐದೇ ಎಲೆ, ಅದಕ್ಕೂ ಹಂತ ಹಂತವಾಗಿ ಚಿಪ್ಪು ತೆರಬೇಕಾಗಬಹುದು. ಮೇಜಿನ ಮೊದಲ ಮೂರು ಎಲೆಗಳಲ್ಲೇ ಫ್ಲಶ್ (ಒಂದೇ ಜಾತಿಯ ಐದು ಎಲೆ) ಕೂಡುವ ಸಂಭವ ಶೇ. 1ಕ್ಕಿಂತ ಕಡಿಮೆ ಎಂಬುದನ್ನು ಶಿಕ್ಷಕರು ಹಲಗೆಯ ಮೇಲೆ ಲೆಕ್ಕ ಹಾಕಿಯೇ ತೋರಿಸುತ್ತಾರೆ.

ಅದಕ್ಕಿಂತಲೂ ಮುಖ್ಯವಾದದ್ದು ಇಂಥ ಕೈ ಬಿಡಲು ಅವರು ಕೊಡುವ ಕಾರಣ. ಮೇಜಿನ 13,500 ಚಿಪ್ಪುಗಳನ್ನೂ ಗೆದ್ದವನಿಗೆ ನೂರು ಅಂಕ ಸಿಗುವುದಿಲ್ಲ, 50 ಮಾತ್ರ ಸಿಗುತ್ತದೆ. ಆದ್ದರಿಂದ ಮೊದಲ ಸುತ್ತಿನಲ್ಲಿ ಚಿಪ್ಪು ದುಪ್ಪಟ್ಟಾದರೂ ಅದರ ಬೆಲೆ ದುಪ್ಪಟ್ಟಾಗದು, ಕಳೆದುಕೊಂಡರೆ ಮಾತ್ರ ಎಲ್ಲವೂ ಹೋಗುತ್ತದೆ. ಇಷ್ಟು ಮನದಟ್ಟಾದ ಮೇಲೆ ಕೈ ಬಿಡುವುದು ಅಂಜುಬುರುಕತನ ಎಂಬ ಭಾವನೆ ತಾನಾಗಿಯೇ ಹೋಗುತ್ತದೆ.

ಸಣ್ಣ ಜೋಡಿಗಳ ವಿಷಯವನ್ನೂ ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ನಾಲ್ಕರ ಜೋಡಿಗೆ ಮೊದಲ ಮೂರು ಎಲೆಗಳಲ್ಲಿ ಮೂರನೆಯ ನಾಲ್ಕು ಸಿಗುವುದು ಸುಮಾರು ಎಂಟೂವರೆ ಸಲಕ್ಕೊಮ್ಮೆ. 1500ರಲ್ಲಿ 60 ಚಿಪ್ಪು ಕೊಟ್ಟು ನೋಡುವುದು ತಪ್ಪಲ್ಲ. ಬ್ಲೈಂಡ್ 50-100 ಆದ ಮೇಲೆ ಅದೇ ನೋಟಕ್ಕೆ 300 ಕೊಡುವುದು ದುಬಾರಿ.

ಕೊರತೆ ಇರುವುದು ಕೈಗೆ ಕೊಡುವ ಮುದ್ರಿತ ಪಟ್ಟಿಯಲ್ಲಿ. 169 ಬಗೆಯ ಕೈಗಳನ್ನು ಬಲದ ಕ್ರಮದಲ್ಲಿ ಜೋಡಿಸಿದ್ದಾರೆ, ಆದರೆ ಆಡುವವನು ಯಾವ ಸ್ಥಾನದಲ್ಲಿ ಕುಳಿತಿದ್ದಾನೆ ಎಂಬ ಅಂಕಣವೇ ಇಲ್ಲ. ಎಕ್ಕ-ಗುಲಾಮ ಡೀಲರ್ ಸ್ಥಾನದಲ್ಲಿ (ಬ್ಲೈಂಡ್ ಕಟ್ಟಿದ ಇಬ್ಬರನ್ನು ಬಿಟ್ಟು ಉಳಿದೆಲ್ಲರ ನಂತರ ಆಡುವ ಜಾಗ), ತನಗಿಂತ ಮೊದಲಿನವರೆಲ್ಲ ಕೈ ಬಿಟ್ಟಾಗ, ಒಳ್ಳೆಯ ಕೈ. ಎಲ್ಲರಿಗಿಂತ ಮೊದಲು ಆಡಬೇಕಾದವನ ಕೈಯಲ್ಲಿ ಅದೇ ಎಲೆಗಳು ಅಪಾಯಕರ: ಅವನ ನಂತರ ಆಡುವವರು ಇನ್ನೂ ಎಂಟು ಜನರಿದ್ದಾರೆ, ಅವರಲ್ಲಿ ಯಾರದಾದರೂ ಎಕ್ಕ-ರಾಜ ಎದುರಾದರೆ ನಾಲ್ಕರಲ್ಲಿ ಸುಮಾರು ಒಂದು ಸಲ ಮಾತ್ರ ಗೆಲುವು. ಶಿಕ್ಷಕರು ಇದನ್ನು ಬಾಯಿಮಾತಿನಲ್ಲಿ ಹೇಳುತ್ತಾರೆ, ಆದರೆ ಮನೆಗೆ ಹೋದವರು ನೋಡುವುದು ಪಟ್ಟಿಯನ್ನೇ. ಅದನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಲೇಬೇಕು.

ಬ್ಲೈಂಡ್ ಏರಿದ ನಂತರದ ಆಟಕ್ಕೆ ಸಮಯ ಸಾಲುವುದಿಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಅವಸರವಾಗಿ ಮುಗಿಸುತ್ತಾರೆ. ಆದರೂ ರಮ್ಮಿ ಬಲ್ಲ, ಪೋಕರಿಗೆ ಹೊಸಬರಾದ ಹುಬ್ಬಳ್ಳಿ-ಧಾರವಾಡದವರಿಗೆ ಈ ತರಬೇತಿಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಸೇರುವವರು ಪಟ್ಟಿಯ ಅಂಚಿನಲ್ಲಿ ಪ್ರತಿ ಕೈಯ ಎದುರು ಯಾವ ಸ್ಥಾನದಿಂದ ಆಡಬಹುದೆಂದು ಶಿಕ್ಷಕರನ್ನು ಕೇಳಿ ಬರೆದುಕೊಳ್ಳಬೇಕು.