ಬದಿಯಡ್ಕದ ಡ್ರೈಯರ್ ರಿಪೇರಿ: ಅಳೆದು ನೋಡಿ ಹೇಳುವವರು

ಆಟಿಯ ಮಳೆಯಲ್ಲಿ ಕಾಸರಗೋಡಿನ ಕಡೆ ಬಟ್ಟೆ ಒಣಗುವುದಿಲ್ಲ. ಅಡಿಕೆ ತೋಟದ ನಡುವಿನ ಮನೆಯಾದರೆ ಕೇಳುವುದೇ ಬೇಡ. ಅಂಥ ಹೊತ್ತಿಗೇ ನಮ್ಮ ಡ್ರೈಯರ್ ಕೈಕೊಟ್ಟಿತು. ಡ್ರಮ್ ತಿರುಗುತ್ತಿತ್ತು, ಬಿಸಿಯಾಗುತ್ತಿರಲಿಲ್ಲ, ಪರದೆಯಲ್ಲಿ ಸೆನ್ಸರ್ ದೋಷದ ಕೋಡ್. ಕಂಪೆನಿಯ ಸರ್ವಿಸಿನವರು ಫೋನಿನಲ್ಲೇ "ಬೋರ್ಡ್ ಬದಲಿಸಬೇಕು" ಎಂದರು. ನೋಡದೆ ಹೇಳಿದ್ದು ನನಗೆ ಸರಿಕಾಣಲಿಲ್ಲ.

ಬದಿಯಡ್ಕ ಪೇಟೆಯ ಮೆಕ್ಯಾನಿಕ್ ಮನೆಗೇ ಬಂದರು. ಮೊದಲು ಪ್ಲಗ್ ತೆಗೆದರು. ಆಮೇಲೆ ಸೆನ್ಸರಿನ ಕನೆಕ್ಟರ್ ಬಿಡಿಸಿ ಮಲ್ಟಿಮೀಟರ್ ಇಟ್ಟರು. "ಅಕ್ಕಾ, ಇದು ಥರ್ಮಿಸ್ಟರ್, ಬಿಸಿ ಎಷ್ಟೆಂದು ತಿಳಿಯುವ ಸೆನ್ಸರ್. ಈ ಮಾಡೆಲಿಗೆ 25 ಡಿಗ್ರಿಯಲ್ಲಿ ಇದರ ವಿದ್ಯುತ್ ರೋಧ ಸುಮಾರು 10 ಕಿಲೋ ಓಮ್ ತೋರಿಸಬೇಕು, ಬಿಸಿಯಾದಷ್ಟೂ ಕಡಿಮೆಯಾಗಬೇಕು" ಎಂದು ನನಗೂ ವಿವರಿಸಿದರು. ಮೀಟರಿನಲ್ಲಿ ಅಂಕೆಯೇ ಬರಲಿಲ್ಲ: ಒಳಗೆ ತುಂಡಾಗಿತ್ತು. ವಯರನ್ನು ಬೋರ್ಡಿನವರೆಗೂ ಪರೀಕ್ಷಿಸಿದರು, ಅದು ಸರಿಯಿತ್ತು. ಹೊಸತನ್ನು ಹಾಕುವ ಮೊದಲು ಬಿಸಿನೀರಿನ ಲೋಟಕ್ಕೆ ತಾಗಿಸಿ ಅಂಕೆ ಇಳಿಯುವುದನ್ನು ನೋಡಿಕೊಂಡರು. ಈ ಶ್ರದ್ಧೆಗೇ ನಾನು ಪೂರ್ತಿ ಅಂಕ ಕೊಡುವುದು.

ಗಾಳಿ ಹೋಗುವ ದಾರಿಯಲ್ಲಿ ಕಟ್ಟಿಕೊಂಡಿದ್ದ ನೂಲಿನ ಧೂಳನ್ನೂ ತೆಗೆದರು. ಅದು ತುಂಬಿದರೆ ಒಳಗೆ ವಿಪರೀತ ಕಾಯುತ್ತದೆ, ಬೆಂಕಿಯ ಭಯವೂ ಇದೆ. ಬಿಡಿಭಾಗ ಮಂಗಳೂರಿನಿಂದ ಬರಬೇಕಾಗಿ ತಡವಾಯಿತು, ಕೊರತೆ ಅದೊಂದೇ. ಬಿಲ್ಲಿನಲ್ಲಿ ಬಿಡಿಭಾಗದ ಬೆಲೆ, ಕೂಲಿ ಬೇರೆ ಬೇರೆಯಾಗಿ ಬರೆದಿದ್ದರು.